ಕೆಟ್ಟ ದಾರಿ, ಮುರಿದ ಬಂಡಿ: ಹೊಣೆಗಾರಿಕೆಯ ಚಾರಿತ್ರಿಕ ನೆಲೆಗಳು

ದಾರಿಯನ್ನು ದುರಸ್ತಿಗೊಳಿಸುವ ಹೊಣೆ ಯಾರದು, ದಾರಿ ಕೆಟ್ಟು ಬಂಡಿ ಮುರಿದರೆ ನಷ್ಟ ತುಂಬಿಕೊಡುವವರು ಯಾರು ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ಒಂದೇ ಎನಿಸುತ್ತವೆ. ಆದರೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಅವು ದೀರ್ಘಕಾಲ ಬೇರೆಬೇರೆಯಾಗಿಯೇ ಉಳಿದಿದ್ದವು.

ಅಲ್ಲಿನ ರೂಢಿಗತ ಕಾನೂನಿನಂತೆ ದಾರಿಯ ದುರಸ್ತಿ ಸಾಮಾನ್ಯವಾಗಿ ಆಯಾ ಪ್ಯಾರಿಷ್ ನಿವಾಸಿಗಳ ಸಾಮೂಹಿಕ ಕರ್ತವ್ಯವಾಗಿತ್ತು. 1555ರ ಶಾಸನ ಇದಕ್ಕಾಗಿ ವರ್ಷಕ್ಕೆ ನಾಲ್ಕು ದಿನಗಳ ಕಡ್ಡಾಯ ದುಡಿಮೆಯನ್ನು ವಿಧಿಸಿತು. ಉಳ್ಳವರು ಬಂಡಿಗಳನ್ನು ಒದಗಿಸಬೇಕಿತ್ತು. ಉಳಿದವರು ಮೈಮುರಿದು ದುಡಿಯಬೇಕಿತ್ತು. ಕರ್ತವ್ಯಲೋಪವಾದರೆ ಇಡೀ ಪ್ಯಾರಿಷ್ ಮೇಲೆ ಆರೋಪ ಹೊರಿಸಿ ದಂಡ ವಿಧಿಸಲು ಅವಕಾಶವಿತ್ತು. ಆದರೆ ಹಾನಿಗೊಳಗಾದ ವ್ಯಕ್ತಿಗೆ ಅದರಿಂದ ಪರಿಹಾರ ದೊರೆಯುತ್ತಿರಲಿಲ್ಲ.

ಈ ಅಂತರ 1788ರ 'ರಸೆಲ್ ಮತ್ತು ಡೆವನ್ ಜನರು' ಮೊಕದ್ದಮೆಯಲ್ಲಿ ಸ್ಪಷ್ಟವಾಯಿತು. ದುರಸ್ತಿಯಿಲ್ಲದ ಸೇತುವೆಯಿಂದ ತನ್ನ ಬಂಡಿಗೆ ಹಾನಿಯಾಯಿತೆಂದು ದೂರಿದ ವ್ಯಕ್ತಿ ಕೌಂಟಿಯ ಜನರ ಮೇಲೆಯೇ ದಾವೆ ಹೂಡಿದ್ದನು. ಜನಸಮೂಹಕ್ಕೆ ಪರಿಹಾರ ನೀಡಬಲ್ಲ ಸಾಮಾನ್ಯ ನಿಧಿಯಿಲ್ಲ, ಇದಕ್ಕೆ ಎಡೆಗೊಟ್ಟರೆ ದಾವೆಗಳಿಗೆ ಕೊನೆಯಿರದು ಎಂಬ ಕಾರಣಗಳಿಂದ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು.

1835ರ ಹೆದ್ದಾರಿ ಕಾಯಿದೆ ಕಡ್ಡಾಯ ದುಡಿಮೆಯನ್ನು ರದ್ದುಗೊಳಿಸಿತು. ಕಾಲಕ್ರಮೇಣ ಈ ಹೊಣೆ ತೆರಿಗೆ ಸಂಗ್ರಹಿಸುವ, ನಿಧಿಯುಳ್ಳ ಸ್ಥಳೀಯ ಸಂಸ್ಥೆಗಳಿಗೆ ವರ್ಗಾವಣೆಗೊಂಡಿತು. ಆದರೂ ಹಳೆಯ ವಿನಾಯಿತಿ ಅಳಿಯಲಿಲ್ಲ. ಸಂಸ್ಥೆಯವರೇ ಗುಂಡಿ ತೋಡಿ ಅಪಾಯ ತಂದೊಡ್ಡಿದರೆ ಹೊಣೆಯುಂಟು, ತಾನಾಗಿ ಬಿದ್ದ ಗುಂಡಿಯನ್ನು ಮುಚ್ಚದೆ ಬಿಟ್ಟರೆ ಹೊಣೆಯಿಲ್ಲ ಎಂಬ ವಿಚಿತ್ರ ವಿಭಜನೆ ಮುಂದುವರಿಯಿತು.

ಭಾರತದಲ್ಲಿಯೂ ಸರ್ಕಾರದ ಹೊಣೆಯ ಚರ್ಚೆ ರಸ್ತೆಯಿಂದಲೇ ಬೆಳೆದುದು ಗಮನಾರ್ಹ. ಕಲ್ಕತ್ತೆಯ ಕಿಡ್ಡರ್‌ಪುರ ಹಡಗುಕಟ್ಟೆಯ ಸರ್ಕಾರಿ ಕೆಲಸಗಾರರು ರಸ್ತೆಯ ಮೇಲೆ ಕೈಬಿಟ್ಟ ಕಬ್ಬಿಣದಿಂದಾಗಿ ಪಿ. ಅಂಡ್ ಓ. ಹಡಗು ಕಂಪನಿಯ ಸಾರೋಟಿನ ಕುದುರೆ ಗಾಯಗೊಂಡಿತು. 1861ರಲ್ಲಿ ಮುಖ್ಯ ನ್ಯಾಯಮೂರ್ತಿ ಬಾರ್ನ್ಸ್ ಪೀಕಾಕ್ ಅವರು, ಸಾರ್ವಭೌಮ ಅಧಿಕಾರಕ್ಕೆ ಸೇರದ ಇಂತಹ ಕಾರ್ಯಗಳಲ್ಲಿ ಸರ್ಕಾರ ಹೊಣೆಯಾಗುತ್ತದೆಂದು ನಿರ್ಣಯಿಸಿದರು. ಆದರೆ ಇದೂ ಎಸಗಿದ ತಪ್ಪಿನ ಪ್ರಕರಣವೇ ಹೊರತು ದುರಸ್ತಿಯ ನಿರ್ಲಕ್ಷ್ಯದ್ದಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1961ರ ಕಾಯಿದೆ ಈ ವಿನಾಯಿತಿಯನ್ನು ಕೊನೆಗೊಳಿಸಿತು. 1964ರಲ್ಲಿ ಅದು ಜಾರಿಗೆ ಬಂದಿತು. ಆದರೆ ಸೂಕ್ತ ಎಚ್ಚರ ವಹಿಸಿದುದನ್ನು ಸಂಸ್ಥೆಯು ಸಾಬೀತುಪಡಿಸಿದರೆ ಪಾರಾಗಬಹುದಿತ್ತು. 1980ರ ಹೆದ್ದಾರಿ ಕಾಯಿದೆಯೂ ಇದೇ ತತ್ತ್ವವನ್ನು ಉಳಿಸಿಕೊಂಡಿತು.

ಊರಿನ ಕೂಡುದುಡಿಮೆ 1835ರಲ್ಲಿಯೇ ಅಳಿದರೂ ಅದರ ನೆರಳಿನಲ್ಲಿ ಹುಟ್ಟಿದ ರಕ್ಷಣೆ ಮತ್ತೆ 129 ವರ್ಷ ಬಾಳಿತು. ಸಮುದಾಯದ ಬಡತನಕ್ಕೆಂದು ಮೂಡಿದ ರಿಯಾಯಿತಿಯನ್ನು ನಿಧಿಯುಳ್ಳ ಸಂಸ್ಥೆಗಳು ಅನುಭವಿಸಿದವು. ಅದರ ಬೆಲೆಯನ್ನು ಬಂಡಿ ಮುರಿದುಕೊಂಡ ದಾರಿಹೋಕರು ತೆತ್ತರು.