ಪಲ್ಸಿನಿಂದ ಪ್ಯಾಕಿಗೆ: ಕೆಲಗೇರಿ ಕಂಡ ಫೋನಿನ ಲೆಕ್ಕ

ಫೋನಿಗೆ ಎಷ್ಟು ದುಡ್ಡು ಹೋಗುತ್ತದೆ ಎಂಬುದನ್ನು ಕೆಲಗೇರಿಯಲ್ಲಿ ಮೊದಲು ನಿರ್ಧರಿಸುತ್ತಿದ್ದವು ದೂರ ಮತ್ತು ಗಡಿಯಾರ. ಹುಬ್ಬಳ್ಳಿ, ಧಾರವಾಡ ಎರಡಕ್ಕೂ 0836 ಒಂದೇ ಕೋಡ್. ಹಾಗಾಗಿ ಧಾರವಾಡದ ಪಶ್ಚಿಮಕ್ಕೆ, ಗೋವಾ ರಸ್ತೆಯ ಮಗ್ಗುಲಿಗಿರುವ ಕೆಲಗೇರಿಯಿಂದ ಹುಬ್ಬಳ್ಳಿಗೆ ಮಾತಾಡಿದರೂ ಅದು ಸ್ಥಳೀಯ ಕರೆಯೇ. ವಿಜಯಪುರಕ್ಕೋ ಮುಂಬೈಗೋ ಹಚ್ಚಿದರೆ ಮಾತ್ರ ಎಸ್‌ಟಿಡಿ ಬೂತಿನ ಮೀಟರಿನಲ್ಲಿ ಕೆಂಪು ಅಂಕಿಗಳು ಓಡತೊಡಗುತ್ತಿದ್ದವು. ಊರು ದೂರವಾದಷ್ಟೂ ಪಲ್ಸ್, ಅಂದರೆ ಒಂದು ಯೂನಿಟ್ ದುಡ್ಡಿಗೆ ಸಿಗುವ ಹೊತ್ತು, ಗಿಡ್ಡವಾಗುತ್ತಿತ್ತು, ಬಿಲ್ಲು ಉದ್ದವಾಗುತ್ತಿತ್ತು. ಸಂಜೆಯಾದ ಮೇಲೆ ದರ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ತಡರಾತ್ರಿ ಹಗಲಿನ ನಾಲ್ಕನೇ ಒಂದು ಭಾಗಕ್ಕೆ ಬಂದು ನಿಲ್ಲುತ್ತಿತ್ತು. ಹೊರಜಿಲ್ಲೆಗಳಿಂದ ಓದಲು ಬಂದವರು ತುಂಬಿದ ಧಾರವಾಡದಂಥ ಊರಿನಲ್ಲಿ ರಾತ್ರಿ ಊಟ ಮುಗಿಸಿ ಬೂತಿನ ಮುಂದೆ ಪಾಳಿ ಹಚ್ಚುತ್ತಿದ್ದುದಕ್ಕೆ ಇದೇ ಕಾರಣ. ‘ಪ್ಲಾನ್’ ಎಂಬ ಮಾತು ಆಗಿನ್ನೂ ಬಂದಿರಲಿಲ್ಲ. ಯಾವ ಹೊತ್ತಿಗೆ ಮಾತಾಡಬೇಕು ಎಂಬ ಆಯ್ಕೆಯೊಂದೇ ಗ್ರಾಹಕನ ಕೈಯಲ್ಲಿತ್ತು.

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತದಿಂದ ದಿಲ್ಲಿಗೆ ಹೋಯಿತು. ಮಾಡಿದವರು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ಎತ್ತಿಕೊಂಡವರು ಕೇಂದ್ರ ಸಂಪರ್ಕ ಸಚಿವ ಸುಖರಾಂ. ಮೊದಲ ವರ್ಷಗಳಲ್ಲಿ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು. ಅದಕ್ಕಿಂತ ಹೆಚ್ಚು ಜನರನ್ನು ದೂರ ಇಟ್ಟದ್ದು ಇನ್ನೊಂದು ನಿಯಮ: ಬಂದ ಕರೆಗೂ ದುಡ್ಡು. ಕರ್ನಾಟಕದ ಪರವಾನಗಿ ಪಡೆದ ಮೊದಲ ಎರಡು ಕಂಪನಿಗಳಲ್ಲಿ ಜೆಟಿ ಮೊಬೈಲ್ಸ್ 1999ರಲ್ಲಿ ಭಾರ್ತಿಯ ಕೈಸೇರಿ ಏರ್‌ಟೆಲ್ ಆಯಿತು. ಸ್ಪೈಸ್ 2008ರವರೆಗೆ ತನ್ನ ಹೆಸರಿನಲ್ಲೇ ಉಳಿದು ಆಮೇಲೆ ಐಡಿಯಾದೊಳಗೆ ಸೇರಿತು.

ಮೊಬೈಲು ಸಾಮಾನ್ಯರ ಕೈಗೆ ಬಂದದ್ದು 2002–03ರ ಸುಮಾರಿಗೆ. 2002ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ತನ್ನ ಮೊಬೈಲ್ ಸೇವೆ ಆರಂಭಿಸಿತು. ಡಿಸೆಂಬರ್ 28ಕ್ಕೆ ರಿಲಯನ್ಸ್ ಇನ್ಫೋಕಾಮ್ ಬಂತು. ಮರುವರ್ಷ 501 ರೂಪಾಯಿ ಮುಂಗಡಕ್ಕೆ ಹ್ಯಾಂಡ್‌ಸೆಟ್ಟನ್ನೇ ಕೊಟ್ಟಿತು. ಅದು ಸಿಡಿಎಂಎ ಫೋನು: ಸಿಮ್ ಇರಲಿಲ್ಲ, ನಂಬರು ಸೆಟ್ಟಿಗೇ ಅಂಟಿಕೊಂಡಿತ್ತು. ಪ್ಲಾನ್ ಬೇಡವಾದರೆ ಫೋನನ್ನೂ ಬಿಡಬೇಕು. ಈ ಎರಡಕ್ಕಿಂತ ದೊಡ್ಡ ಬದಲಾವಣೆ 2003ರ ಮೇ 1ರದು. ಅಂದಿನಿಂದ ಕರೆ ಮಾಡಿದವನೇ ದುಡ್ಡು ತೆರಬೇಕು, ಒಳಬರುವ ಕರೆ ಪುಕ್ಕಟೆ ಎಂದಾಯಿತು. ಮಿಸ್ಡ್ ಕಾಲ್ ಎಂಬ ದೇಶೀ ವಿದ್ಯೆಗೆ ಇದರಿಂದ ಪೂರ್ತಿ ಬೆಲೆ ಬಂತು. ಮಗ ಹಾಸ್ಟೆಲಿನಿಂದ ಎರಡು ರಿಂಗ್ ಕೊಟ್ಟು ಕಟ್ ಮಾಡಿದರೆ ಮನೆಯವರು ತಿರುಗಿ ಹಚ್ಚುತ್ತಿದ್ದರು. ಅವನ ಫೋನಿನಲ್ಲಿ ‘ಕರೆನ್ಸಿ’ ಕರಗುತ್ತಿರಲಿಲ್ಲ. ಟಾಕ್‌ಟೈಮಿಗೆ ಕರ್ನಾಟಕ ಇಟ್ಟುಕೊಂಡ ಈ ಹೆಸರು ಯಾವ ಕಂಪನಿಯ ಜಾಹೀರಾತಿಗಿಂತಲೂ ನಿಖರವಾಗಿದೆ: ಕಾರ್ಡ್ ಕೆರೆದು ಫೋನಿನೊಳಗೆ ಹಾಕುತ್ತಿದ್ದದ್ದು ದುಡ್ಡನ್ನೇ ತಾನೆ.

ದೂರದ ಲೆಕ್ಕ ಮಾತ್ರ ಬೇರೆ ವೇಷದಲ್ಲಿ ಉಳಿಯಿತು. ಮೊಬೈಲ್ ಪರವಾನಗಿಗಳನ್ನು ‘ಸರ್ಕಲ್’ಗಳಾಗಿ ಹಂಚಲಾಗಿತ್ತು, ಇಡೀ ಕರ್ನಾಟಕ ಒಂದು ಸರ್ಕಲ್. ಬೀದರಿಂದ ಚಾಮರಾಜನಗರದವರೆಗೆ ಫೋನು ತನ್ನ ಮನೆಯಲ್ಲೇ ಇದ್ದಂತೆ. ಆದರೆ ಕೆಲಗೇರಿಯ ಮುಂದಿನ ರಸ್ತೆ ಹಿಡಿದು ಗೋವಾಕ್ಕೆ ಇಳಿದರೆ ಅದು ಮಹಾರಾಷ್ಟ್ರ–ಗೋವಾ ಸರ್ಕಲ್. ಕಟ್ಟಡದ ಕೆಲಸಕ್ಕೆ ಅಲ್ಲಿಗೆ ಹೋಗುವ ಉತ್ತರ ಕರ್ನಾಟಕದವರಿಗೆ ಘಟ್ಟ ಇಳಿದೊಡನೆ ರೋಮಿಂಗ್ ಶುರುವಾಗುತ್ತಿತ್ತು. ಊರಿಂದ ಬಂದ ಕರೆ ಎತ್ತಿಕೊಂಡರೂ ದುಡ್ಡು ಕಡಿತವಾಗುತ್ತಿತ್ತು. ಕಾಸರಗೋಡಿನ ಕನ್ನಡಿಗರ ಫೋನು ಕೇರಳದ ಸರ್ಕಲಿನಲ್ಲಿದ್ದರೆ ಅವರ ಆಸ್ಪತ್ರೆ, ಕಾಲೇಜು, ನಂಟಸ್ತಿಕೆ ತಲಪಾಡಿಯಾಚೆ ಮಂಗಳೂರಿನಲ್ಲಿದ್ದವು. ರಾಜ್ಯದ ಗಡಿಯನ್ನು ಭಾಷೆ ದಾಟುತ್ತಿತ್ತು, ದರಪಟ್ಟಿ ದಾಟುತ್ತಿರಲಿಲ್ಲ. ಹೀಗಾಗಿ ಊರಿಗೊಂದು, ದುಡಿಮೆಯ ಜಾಗಕ್ಕೊಂದು ಎಂದು ಎರಡು ಸಿಮ್ ಇಟ್ಟುಕೊಳ್ಳುವ ರೂಢಿ ಬೆಳೆಯಿತು. ಎರಡು ಸಿಮ್ಮಿನ ಅಗ್ಗದ ಸೆಟ್ಟುಗಳು ಅದಕ್ಕೆ ಕೈಜೋಡಿಸಿದವು. 2006ರ ಮಾರ್ಚ್ 1ರಿಂದ ಬಿಎಸ್‌ಎನ್‌ಎಲ್‌ನ ‘ಒನ್‌ಇಂಡಿಯಾ’ ಯೋಜನೆ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದಾಗ ಹೊರಹೋಗುವ ಕರೆಯ ಮಟ್ಟಿಗೆ ಗಡಿ ತೆಳುವಾಯಿತು. ರೋಮಿಂಗಿನಲ್ಲಿ ಒಳಬರುವ ಕರೆಯನ್ನು ಅದೇ ಸಂಸ್ಥೆ ಪುಕ್ಕಟೆ ಮಾಡಲು 2015ರ ಜೂನ್ ಬರಬೇಕಾಯಿತು.

ಇದರ ನಡುವೆ, 2005ರ ಕೊನೆಗೆ ‘ಲೈಫ್‌ಟೈಮ್’ ಯೋಜನೆಗಳು ಬಂದವು: ಒಮ್ಮೆ ಸಾವಿರ ರೂಪಾಯಿಯ ಆಸುಪಾಸು ಕಟ್ಟಿದರೆ ಒಳಬರುವ ಕರೆ ಜೀವನಪರ್ಯಂತ. ಆ ‘ಜೀವ’ ಗ್ರಾಹಕನದಲ್ಲ, ಕಂಪನಿಯ ಲೈಸೆನ್ಸಿನದು ಎಂಬ ವಿವರ ಸಣ್ಣ ಅಕ್ಷರದಲ್ಲಿತ್ತು.

2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು. ಅಲ್ಲಿಯವರೆಗೆ 61 ಸೆಕೆಂಡ್ ಮಾತಾಡಿದರೂ ಎರಡು ನಿಮಿಷದ ದುಡ್ಡು ಹೋಗುತ್ತಿದ್ದುದರಿಂದ 58ಕ್ಕೆ ಮಾತು ಮುರಿಯುವ ಕೈಚಳಕವನ್ನು ಜನ ರೂಢಿಸಿಕೊಂಡಿದ್ದರು. ಸೆಕೆಂಡಿನ ಲೆಕ್ಕ ಗಿಡ್ಡ ಮಾತಿನವರಿಗೆ ಲಾಭ, ಉದ್ದ ಹರಟೆಯವರಿಗೆ ಹಳೆಯ ನಿಮಿಷವೇ ಸೋವಿ. ‘ನನಗೆ ಯಾವುದು ಸರಿ’ ಎಂಬ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಇಲ್ಲಿ. ಅದಕ್ಕೆ ಉತ್ತರ ಹೇಳುತ್ತಿದ್ದವನು ಕಿರಾಣಿ ಅಥವಾ ಜೆರಾಕ್ಸ್ ಅಂಗಡಿಯ ರೀಚಾರ್ಜ್‌ನವನು. ಕರೆಯ ದರ ಇಳಿಸುವ ರೇಟ್ ಕಟರ್, ರಾತ್ರಿ ಪ್ಯಾಕ್, ಎಸ್‌ಎಂಎಸ್ ಪ್ಯಾಕ್, ಒಂದೇ ಕಂಪನಿಯ ನಂಬರುಗಳ ನಡುವಿನ ಅಗ್ಗದ ಕರೆ ಎಂದು ಅವನ ಗೋಡೆಯ ತುಂಬ ಚೀಟಿ. ಈ ಕೊನೆಯ ಸವಲತ್ತಿನಿಂದಾಗಿ ಸಿಮ್ಮಿನ ಆಯ್ಕೆ ಒಬ್ಬನದಾಗಿ ಉಳಿಯದೆ ಇಡೀ ಮನೆತನದ್ದಾಯಿತು: ಬೀಗರು ಯಾವ ಕಂಪನಿಯೋ ಇವರೂ ಅದೇ. ಎಸ್‌ಎಂಎಸ್ ಪ್ಯಾಕಿನವರಿಗೆ ಒಂದು ಗುಟ್ಟು ಹಬ್ಬದ ದಿನವೇ ತಿಳಿಯುತ್ತಿತ್ತು. ಕಂಪನಿ ಮೊದಲೇ ಗೊತ್ತುಮಾಡಿದ ದಿನಗಳಲ್ಲಿ ರಿಯಾಯಿತಿ ನಡೆಯುತ್ತಿರಲಿಲ್ಲ; ಶುಭಾಶಯಕ್ಕೆ ಪೂರ್ತಿ ದರ.

ಗೊಂದಲ ತಗ್ಗಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ‘ಟ್ರಾಯ್’ 2012ರ ನಿಯಮಗಳಲ್ಲಿ ವೋಚರುಗಳಿಗೆ ಬಣ್ಣ ಕಟ್ಟಿತು: ಪ್ಲಾನಿಗೆ ಕೆಂಪು, ಟಾಪ್‌ಅಪ್‌ಗೆ ಹಸಿರು, ವಿಶೇಷ ದರಕ್ಕೆ ಹಳದಿ. ಅದಕ್ಕೂ ಮುಂಚೆ, 2011ರ ಜನವರಿ 20ರಿಂದ, ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ ದೇಶದಾದ್ಯಂತ ಸಿಕ್ಕಿತ್ತು. 1900ಕ್ಕೆ ‘ಪೋರ್ಟ್’ ಎಂದು ಸಂದೇಶ ಕಳಿಸಿ, ಬಂದ ಕೋಡನ್ನು ಹೊಸ ಕಂಪನಿಗೆ ಕೊಟ್ಟರಾಯಿತು. ಸರ್ಕಲ್ ದಾಟಿ ನಂಬರು ಒಯ್ಯಲು ಮಾತ್ರ 2015ರ ಜುಲೈವರೆಗೆ ಕಾಯಬೇಕಾಯಿತು.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ ಮಾತಿಗೆ ಅಳತೆಯೇ ಹೋಯಿತು. ಒಂದು ಜಿಬಿ ಡೇಟಾವನ್ನು ಸುಮಾರು 250 ರೂಪಾಯಿಗೆ ಕೊಂಡು ತಿಂಗಳಿಡೀ ಜೋಪಾನ ಮಾಡುತ್ತಿದ್ದವರಿಗೆ ದಿನಕ್ಕೊಂದು ಜಿಬಿ ಖರ್ಚು ಮಾಡುವುದೇ ಕೆಲಸವಾಯಿತು. ಹಳೆಯ ಕಂಪನಿಗಳು ಒಂದೊಂದಾಗಿ ಮುಚ್ಚಿದವು. 2018ರ ಆಗಸ್ಟಿನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಅದೇ ವರ್ಷಾಂತ್ಯಕ್ಕೆ ತಿಂಗಳಿಗೊಮ್ಮೆ ಕನಿಷ್ಠ ರೀಚಾರ್ಜ್ ಕಡ್ಡಾಯವಾಗಿ, ‘ಲೈಫ್‌ಟೈಮ್’ ಸಿಮ್ಮಿನ ಆಯುಷ್ಯವೂ ತೀರಿತು. ಮಿಸ್ಡ್ ಕಾಲ್‌ಗೆ ಮಾತ್ರ ಇಟ್ಟ ಫೋನೂ ಈಗ ಬಾಡಿಗೆ ಕಟ್ಟಬೇಕು.

ಅಲ್ಲಿಂದೀಚೆಗೆ ಮಾರುತ್ತಿರುವುದು ಮಾತನ್ನಲ್ಲ, ದಿನಗಳನ್ನು. 28 ದಿನದ ಪ್ಯಾಕನ್ನು ತಿಂಗಳ ಪ್ಯಾಕು ಎಂದುಕೊಂಡವರು ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ದುಡ್ಡು ಹಾಕುತ್ತಾರೆ. 13 ಸಲ 28 ಎಂದರೆ 364. ದೂರುಗಳು ಬಂದ ಮೇಲೆ 2022ರ ಜನವರಿಯಲ್ಲಿ ಟ್ರಾಯ್, 30 ದಿನದ್ದೊಂದು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಬರುವಂಥದ್ದೊಂದು ಪ್ಯಾಕನ್ನು ಇಡಲೇಬೇಕೆಂದು ಆದೇಶಿಸಿತು. ಪ್ಯಾಕುಗಳನ್ನು ಹೋಲಿಸುವಾಗ ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡುವುದು ಇದರಿಂದಲೇ ಅಗತ್ಯ. ಮನೆಯಲ್ಲಿ ವೈಫೈ ಇದ್ದವನಿಗೆ ದಿನದ ಎರಡು ಜಿಬಿ ಹೆಚ್ಚಾಯಿತು. ಅಳ್ನಾವರ, ದಾಂಡೇಲಿಯ ಕಾಡಿನ ಕಡೆ ಓಡಾಡುವವನಿಗೆ ಜಿಬಿಗಿಂತ ಆ ದಾರಿಯಲ್ಲಿ ಯಾವ ಕಂಪನಿಯ ಟವರ್ ಸಿಗುತ್ತದೆ ಎಂಬುದೇ ಮೊದಲ ಪ್ರಶ್ನೆ. ಬ್ಯಾಂಕಿನ ಒಟಿಪಿಗೆ ಮಾತ್ರ ಬೇಕಾದ ಎರಡನೇ ಸಿಮ್‌ಗೆ ಬೇಕಾದದ್ದು ಬರಿಯ ವ್ಯಾಲಿಡಿಟಿ.

ಕೀಪ್ಯಾಡ್ ಫೋನ್ ಹಿಡಿದ ಹಿರಿಯರು ಮುಟ್ಟದ ಡೇಟಾಕ್ಕೂ ದುಡ್ಡು ಕೊಡುತ್ತಿದ್ದರು. 2024ರ ಜುಲೈನಲ್ಲಿ ದರ ಮತ್ತೆ ಏರಿತು. ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಿದ್ದಿ, ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಆಗುವ ಪ್ಯಾಕನ್ನು ಪ್ರತ್ಯೇಕವಾಗಿ ಕೊಡಬೇಕೆಂದಿತು. ವಿಶೇಷ ವೋಚರುಗಳ ಮಿತಿಯನ್ನು 90 ದಿನದಿಂದ 365ಕ್ಕೆ ಏರಿಸಿತು. ರೀಚಾರ್ಜ್ ಹೆಚ್ಚಾಗಿ ಫೋನಿನಲ್ಲೇ ನಡೆಯುವ ಈ ಹೊತ್ತಿನಲ್ಲಿ ಕೆಂಪು, ಹಸಿರು, ಹಳದಿ ಬಣ್ಣಗಳ ಕಟ್ಟಳೆಯನ್ನೂ ಅದೇ ತಿದ್ದುಪಡಿ ತೆಗೆದುಹಾಕಿತು.