ಟೈನ್‌ಹ್ಯಾಮ್

ಟೈನ್‌ಹ್ಯಾಮ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಕೌಂಟಿಯಲ್ಲಿರುವ, ಈಗ ಜನವಸತಿಯಿಲ್ಲದ ಒಂದು ಚಿಕ್ಕ ಹಳ್ಳಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರ ಡಿಸೆಂಬರ್‌ನಲ್ಲಿ, ಸೇನಾ ತರಬೇತಿಗಾಗಿ ಇದನ್ನು ತೆರವುಗೊಳಿಸಲಾಯಿತು. ತಾತ್ಕಾಲಿಕವೆಂದು ಭಾವಿಸಿ ಊರು ಬಿಟ್ಟ ನಿವಾಸಿಗಳಿಗೆ ಮರಳಿ ನೆಲೆಸುವ ಅವಕಾಶ ದೊರೆಯಲಿಲ್ಲ. ಇಂದು ಈ ಪ್ರದೇಶವು ಬ್ರಿಟನ್ನಿನ ರಕ್ಷಣಾ ಸಚಿವಾಲಯದ ಒಡೆತನದಲ್ಲಿದೆ.

ಭೌಗೋಳಿಕ ಹಿನ್ನೆಲೆ

ಹಳ್ಳಿಯು ಐಲ್ ಆಫ್ ಪರ್ಬೆಕ್ ಎಂಬ ಪರ್ಯಾಯದ್ವೀಪದಲ್ಲಿದೆ. ಉತ್ತರದ ಸುಣ್ಣಕಲ್ಲಿನ ಗುಡ್ಡಸಾಲು ಹಾಗೂ ದಕ್ಷಿಣದ ಕಡಲಂಚಿನ ಬಂಡೆಗಳ ನಡುವಿನ ಕಣಿವೆಯಲ್ಲಿ ನೆಲೆಗೊಂಡಿದ್ದು, ವರ್‌ಬ್ಯಾರೋ ಕೊಲ್ಲಿಯು ಇಲ್ಲಿಂದ ಕಾಲ್ನಡಿಗೆಯ ದೂರದಲ್ಲಿದೆ. ಈ ಕರಾವಳಿಯು 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜುರಾಸಿಕ್ ಕರಾವಳಿಯ ಭಾಗವಾಗಿದೆ.

ಇತಿಹಾಸ

ಬೇಸಾಯ ಮತ್ತು ಮೀನುಗಾರಿಕೆ ಇಲ್ಲಿನ ಮುಖ್ಯ ಕಸುಬುಗಳಾಗಿದ್ದವು. ಮೀನುಗಾರರ ಮನೆಗಳು ವರ್‌ಬ್ಯಾರೋ ಕೊಲ್ಲಿಯ ದಂಡೆಯಲ್ಲಿದ್ದವು. ಜಮೀನು ಹಾಗೂ ಮನೆಗಳು ಬಾಂಡ್ ಮನೆತನಕ್ಕೆ ಸೇರಿದ್ದು, ನಿವಾಸಿಗಳಲ್ಲಿ ಬಹುಪಾಲು ಜನರು ಗೇಣಿದಾರರು ಅಥವಾ ಬಾಡಿಗೆದಾರರಾಗಿದ್ದರು. ಮಕ್ಕಳ ಸಂಖ್ಯೆ ಕುಸಿದುದರಿಂದ ಊರಿನ ಶಾಲೆಯು 1932ರಲ್ಲೇ ಮುಚ್ಚಿತ್ತು.

ತೆರವು

ಲಲ್‌ವರ್ತ್ ಬಳಿ ಮೊದಲೇ ಇದ್ದ ಟ್ಯಾಂಕ್ ಗುಂಡಿನ ಅಭ್ಯಾಸದ ವಲಯವನ್ನು ವಿಸ್ತರಿಸಲು ಸರ್ಕಾರವು ಸುಮಾರು 7,500 ಎಕರೆ ಭೂಮಿಯನ್ನು ವಶಪಡಿಸಿಕೊಂಡಿತು. ಇದರಿಂದ ಸುಮಾರು 225 ಮಂದಿ ಮನೆ ತೊರೆಯಬೇಕಾಯಿತು. ಚರ್ಚನ್ನೂ ಮನೆಗಳನ್ನೂ ಜೋಪಾನವಾಗಿ ನೋಡಿಕೊಳ್ಳಬೇಕೆಂದೂ ತಾವು ಮುಂದೊಂದು ದಿನ ಹಿಂದಿರುಗುವುದಾಗಿಯೂ ತಿಳಿಸುವ ಚೀಟಿಯೊಂದನ್ನು ಸೇಂಟ್ ಮೇರಿ ಚರ್ಚಿನ ಬಾಗಿಲಿಗೆ ಅಂಟಿಸಿ ಅವರು ತೆರಳಿದರು. ಯುದ್ಧ ಮುಗಿದ ನಂತರ, 1948ರಲ್ಲಿ, ಸರ್ಕಾರವು ಈ ಭೂಮಿಯನ್ನು ಕಡ್ಡಾಯ ಖರೀದಿಯ ಆದೇಶದ ಮೂಲಕ ಶಾಶ್ವತವಾಗಿ ಉಳಿಸಿಕೊಂಡಿತು. ಹಳ್ಳಿಯನ್ನು ಮರಳಿ ಪಡೆಯಲು ನಡೆದ ಚಳವಳಿಗಳು ಫಲಿಸಲಿಲ್ಲವಾದರೂ, 1970ರ ದಶಕದ ಮಧ್ಯಭಾಗದಿಂದ ಸಾರ್ವಜನಿಕರ ಪ್ರವೇಶಕ್ಕೆ ಅವಕಾಶ ದೊರೆಯಿತು.

ಪ್ರಸ್ತುತ ಸ್ಥಿತಿ

ಬಹುತೇಕ ಮನೆಗಳು ಮಾಡಿಲ್ಲದ ಪಾಳುಗೋಡೆಗಳಾಗಿ ಉಳಿದಿವೆ. ಚರ್ಚು ಮತ್ತು ಶಾಲೆಯನ್ನು ದುರಸ್ತಿಗೊಳಿಸಿ ವಸ್ತುಪ್ರದರ್ಶನಕ್ಕೆ ಬಳಸಲಾಗುತ್ತಿದೆ. ಗುಂಡಿನ ಅಭ್ಯಾಸವಿಲ್ಲದ ದಿನಗಳಲ್ಲಿ, ಮುಖ್ಯವಾಗಿ ವಾರಾಂತ್ಯಗಳಲ್ಲಿ, ಸಂದರ್ಶಕರಿಗೆ ಪ್ರವೇಶವಿದೆ. ಸಿಡಿಯದ ಮದ್ದುಗುಂಡುಗಳ ಅಪಾಯವಿರುವುದರಿಂದ ಗುರುತಿಸಿದ ಹಾದಿಗಳಲ್ಲಿ ಮಾತ್ರ ನಡೆಯಬೇಕು. ಆಧುನಿಕ ಬೇಸಾಯವೂ ಕಟ್ಟಡ ನಿರ್ಮಾಣವೂ ಇಲ್ಲದ ಕಾರಣ ಇಲ್ಲಿ ವನ್ಯಜೀವಿಗಳು ಸಮೃದ್ಧವಾಗಿವೆ.

ಸುತ್ತಮುತ್ತಲಿನ ಸ್ಥಳಗಳು

* ಫ್ಲವರ್ಸ್ ಬ್ಯಾರೋ: ವರ್‌ಬ್ಯಾರೋ ಕೊಲ್ಲಿಯ ಮೇಲ್ಭಾಗದಲ್ಲಿರುವ ಕಬ್ಬಿಣ ಯುಗದ ಗುಡ್ಡಗೋಟೆ. ಇದರ ಒಂದು ಭಾಗ ಕಡಲಕೊರೆತದಿಂದ ಕುಸಿದುಹೋಗಿದೆ.
* ಈಸ್ಟ್ ಲಲ್‌ವರ್ತ್: ಪಶ್ಚಿಮ ದಿಕ್ಕಿನ ಹಳ್ಳಿ. ಇಲ್ಲಿನ 17ನೆಯ ಶತಮಾನದ ಲಲ್‌ವರ್ತ್ ಕೋಟೆಯು 1929ರಲ್ಲಿ ಬೆಂಕಿಗೆ ಆಹುತಿಯಾಗಿತ್ತು.
* ಕಿಮ್ಮರಿಜ್: ಪಳೆಯುಳಿಕೆಗಳಿಗೆ ಹೆಸರಾದ ಕರಾವಳಿ ಹಳ್ಳಿ.
* ಕಾರ್ಫ್ ಕ್ಯಾಸಲ್: ಪೂರ್ವದಲ್ಲಿರುವ ಹಳ್ಳಿ. ಇಲ್ಲಿನ ಕೋಟೆಯನ್ನು ಇಂಗ್ಲಿಷ್ ಅಂತರ್ಯುದ್ಧದಲ್ಲಿ, 1646ರಲ್ಲಿ, ಕೆಡವಲಾಯಿತು.