ಇನ್ನೂ ಬಂದಿಲ್ಲ, ಇಲ್ಲವೇ ಇಲ್ಲ

ಹುಕ್ಕೇರಿಯ ರೈತನೊಬ್ಬ ಹೊಲದ ಉತಾರ ನೋಡಲು ಮೊಬೈಲ್‌ನಲ್ಲಿ ‘ಭೂಮಿ’ ಜಾಲತಾಣ ತೆರೆದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಎಂದು ಒಂದೊಂದೇ ಮೆಟ್ಟಿಲು ಇಳಿಯಬೇಕು. ಆಮೇಲೆ ಸರ್ವೆ ನಂಬರಿನ ಒಳವಿಂಗಡಣೆಯ ಸರ್ನಾಕ್, ಹಿಸ್ಸಾ, ಮತ್ತೆ ಅವಧಿ. ಬೆಳಗಾವಿ ಆರಿಸದೆ ಗೋಕಾಕ ಕಾಣದು, ತಾಲ್ಲೂಕು ಆರಿಸದೆ ಹೋಬಳಿ ಸಿಗದು. ರಾಜ್ಯದ ಊರುಗಳನ್ನೆಲ್ಲ ಮೊದಲೇ ಪುಟಕ್ಕೆ ತುಂಬಿ ಕಳಿಸಿದರೆ ಅದು ತೆರೆಯುವುದೇ ಕಷ್ಟ. ಪಟ್ಟಿಗಳೂ ಸ್ಥಿರವಲ್ಲ, ಗೋಕಾಕ ತಾಲ್ಲೂಕಿನೊಳಗಿದ್ದ ಮೂಡಲಗಿಯೇ ಈಗ ಬೇರೆ ತಾಲ್ಲೂಕು. ಹಾಗಾಗಿ ಇಂಥ ಕೆಲಸಗಳಲ್ಲಿ ಪುಟ ಮೊದಲು, ಮಾಹಿತಿ ಆಮೇಲೆ. ನಡುವಿನ ಹೊತ್ತಿನಲ್ಲಿ ಪರದೆಯ ಮೇಲೆ ಏನಿರಬೇಕು? ವೆಬ್ ತಂತ್ರಜ್ಞರು ಈ ಪ್ರಶ್ನೆಯೊಂದಿಗೆ ಕಾಲು ಶತಮಾನ ಕಳೆದಿದ್ದಾರೆ.

ತಲಾಟಿಗಳು ಕೈಯಲ್ಲಿ ಬರೆಯುತ್ತಿದ್ದ ಸುಮಾರು 2 ಕೋಟಿ ಪಹಣಿಗಳು, ಅಂದರೆ ಇದೇ ಉತಾರಗಳು, ಭೂಮಿ ಯೋಜನೆಯಲ್ಲಿ ಕಂಪ್ಯೂಟರ್ ಸೇರಿದ್ದು 2000ದ ಆಸುಪಾಸಿನಲ್ಲಿ. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ. ಆ ಕಾಲದ ವೆಬ್‌ನಲ್ಲಿ ಒಂದು ಆಯ್ಕೆ ಮಾಡಿದರೆ ಇಡೀ ಪುಟವೇ ಸರ್ವರ್‌ಗೆ ಹೋಗಿ, ಪರದೆ ಬೆಳ್ಳಗಾಗಿ, ಹೊಸದಾಗಿ ಮರಳುತ್ತಿತ್ತು. ಬೇಸರದ ಕೆಲಸ, ನಿಜ. ಆದರೆ ಕಣ್ಣ ಮುಂದಿದ್ದುದೆಲ್ಲ ಒಂದೇ ಉತ್ತರದ ಭಾಗ. ಅರ್ಧ ಬಂದದ್ದು, ಅರ್ಧ ಬಾರದ್ದು ಎಂಬ ಗೊಂದಲವಿರಲಿಲ್ಲ.

ಪುಟ ಅಲುಗಾಡದೆ ಹಿಂಬಾಗಿಲಿನಿಂದ ಮಾಹಿತಿ ತರುವ ಉಪಾಯವನ್ನು 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ಕ್ಕೆ ಸೇರಿಸಿದ್ದು ಮೈಕ್ರೋಸಾಫ್ಟ್, ತನ್ನ ಔಟ್‌ಲುಕ್ ಮೇಲ್‌ನ ವೆಬ್ ರೂಪಕ್ಕಾಗಿ. ಜಿಮೇಲ್, ಗೂಗಲ್ ಮ್ಯಾಪ್ಸ್ ಅದನ್ನು ಜನರ ಮುಂದಿಟ್ಟವು. 2005ರಲ್ಲಿ ವಿನ್ಯಾಸಕ ಜೆಸ್ಸಿ ಜೇಮ್ಸ್ ಗ್ಯಾರೆಟ್ ಅದಕ್ಕೆ ಏಜಾಕ್ಸ್ ಎಂದು ಹೆಸರಿಟ್ಟರು. ಮರುವರ್ಷ ಬಂದ ಜೆಕ್ವೆರಿ ಎಂಬ ಸಾಧನ ಅದನ್ನು ಸುಲಭ ಮಾಡಿತು.

ಸುಲಭವಾದಂತೆ ಹೊಸ ತೊಡಕೂ ಬಂತು. ಬಳಕೆದಾರ ತಪ್ಪಿ ಗೋಕಾಕ ಒತ್ತಿ, ಕೂಡಲೇ ಹುಕ್ಕೇರಿಗೆ ಬದಲಿಸಿದ ಎನ್ನಿ. ಎರಡು ಕೋರಿಕೆಗಳು ಹೊರಟಿವೆ. ಎರಡನೆಯದರ ಉತ್ತರ ಮೊದಲು ಬಂದು, ಮೊದಲನೆಯದು ತಡವಾಗಿ ಬಂದರೆ ಹುಕ್ಕೇರಿ ಎಂಬ ಹೆಸರಿನ ಕೆಳಗೆ ಗೋಕಾಕದ ಹೋಬಳಿಗಳು ಕೂರುತ್ತವೆ. ಪರದೆಯಲ್ಲಿ ದೋಷದ ಸುಳಿವೇ ಇಲ್ಲ. ಚುರುಕಾದ ಕಚೇರಿ ಸಂಪರ್ಕದಲ್ಲಿ ಪರೀಕ್ಷಿಸುವವರಿಗೆ ಇದು ಸಿಕ್ಕುವುದೂ ಅಪರೂಪ.

2013ರಲ್ಲಿ ಫೇಸ್‌ಬುಕ್ ಎಲ್ಲರಿಗೂ ತೆರೆದಿಟ್ಟ ರಿಯಾಕ್ಟ್ ಎಂಬ ಸಾಧನ ಆಲೋಚನೆಯ ದಿಕ್ಕನ್ನೇ ತಿರುಗಿಸಿತು. ಮಾಹಿತಿ ಹೇಗಿದೆಯೋ ಪರದೆ ಹಾಗೆ. ಕೈಯಿಂದ ಪಟ್ಟಿ ಅಳಿಸಿ ಬರೆಯುವ ಗೋಜಿಲ್ಲ. ಆದರೆ ಪುಟದ ಒಂದೊಂದು ತುಂಡು, ಅಂದರೆ ಕಾಂಪೊನೆಂಟ್, ಮಾಹಿತಿಗಾಗಿ ಕಾಯದೆ ಒಮ್ಮೆ ಮೂಡಿಯೇ ಬಿಡುತ್ತದೆ. ಇನ್ನೂ ಇಲ್ಲದ ಪಟ್ಟಿಯನ್ನು ಓದಲು ಹೋಗಿ ಪುಟ ಕುಸಿಯುವುದು ಹೊಸಬರೆಲ್ಲ ಕಂಡ ದೃಶ್ಯ. ಖಾಲಿ ಪಟ್ಟಿಯಿಂದ ಆರಂಭಿಸು ಎಂಬ ಸಲಹೆ ಎಲ್ಲೆಡೆ ಹಬ್ಬಿತು. ನನ್ನ ಪ್ರಕಾರ ಅದು ಅಪಾಯದ ಸಲಹೆ. ಪುಟ ಕುಸಿಯಲಿಲ್ಲ, ಸರಿ. ಆದರೆ ಖಾಲಿ ಕೋಷ್ಟಕ ಕಂಡ ರೈತ ಅದನ್ನು ಓದುವುದು ದಾಖಲೆಯಲ್ಲಿ ನನ್ನ ಹೆಸರಿಲ್ಲ ಎಂದೇ.

ಈ ತಪ್ಪನ್ನು ಸ್ಪಷ್ಟವಾಗಿ ಬಿಡಿಸಿಟ್ಟದ್ದು ಎಲ್ಮ್ ಎಂಬ ಸಣ್ಣ ಭಾಷೆಯ ಬಳಗ. ಕೇಳಿಲ್ಲ, ಬರುತ್ತಿದೆ, ವಿಫಲವಾಯಿತು, ಬಂತು: ಈ ನಾಲ್ಕು ಸ್ಥಿತಿಗಳನ್ನು ಬೇರೆಬೇರೆಯಾಗಿ ಬರೆಯಬೇಕೆಂದು ಆ ಬಳಗದ ಕ್ರಿಸ್ ಜೆಂಕಿನ್ಸ್ ವಾದಿಸಿದರು. ಬಂದ ಉತ್ತರವೇ ಖಾಲಿಯಾಗಿರುವುದು ‘ಬಂತು’ ಎಂಬುದರ ಒಳಗಿನ ಮಾತು. ಹಲವು ದೊಡ್ಡ ಫ್ರೇಮ್‌ವರ್ಕ್‌ಗಳ ಗದ್ದಲಕ್ಕಿಂತ ಈ ಪುಟ್ಟ ವಿಂಗಡಣೆಯೇ ಹೆಚ್ಚು ಬಾಳಿದೆ.

ಮುಂದಿನದು ವೇಗದ ಚರಿತ್ರೆ. 2019ರಲ್ಲಿ ರಿಯಾಕ್ಟ್‌ಗೆ ಹುಕ್ಸ್ ಎಂಬ ಸೌಲಭ್ಯಗಳು ಬಂದವು. ಹಳೆಯ ಕೋರಿಕೆಯನ್ನು ರದ್ದು ಮಾಡುವ ಜಾಗವೂ ಅಲ್ಲೇ ಸಿಕ್ಕಿತು, ಬಳಸಿದವರು ಕಡಿಮೆ. ರಿಯಾಕ್ಟ್‌ನದೇ ಸಸ್ಪೆನ್ಸ್ ಎಂಬ ಸೌಲಭ್ಯ ಕಾಯುವ ಹೊಣೆಯನ್ನು ಕಾಂಪೊನೆಂಟ್‌ನಿಂದ ಅದರ ಹೊರಗಿನ ಚೌಕಟ್ಟಿಗೆ ದಾಟಿಸಿತು. 2022ರ ರಿಯಾಕ್ಟ್ 18ರಲ್ಲಿ ಸರ್ವರ್ ಸಿದ್ಧವಾದ ತುಂಡನ್ನು ಮೊದಲು, ಉಳಿದದ್ದನ್ನು ಆಮೇಲೆ ಹರಿಯಬಿಡತೊಡಗಿತು. ಮಾಹಿತಿ ಬರುವ ತನಕ ಮಿನುಗುವ ಬೂದು ಪಟ್ಟಿಗಳ ‘ಅಸ್ಥಿಪಂಜರ’ವೂ ಫ್ಯಾಷನ್ ಆಯಿತು. ನೆಟ್‌ವರ್ಕ್ ಕೈಕೊಟ್ಟಾಗಲೂ ಅವು ಮಿನುಗುತ್ತಲೇ ಇದ್ದರೆ ಆ ಚಂದ ಯಾರಿಗೆ ಬೇಕು?

ರಿಯಾಕ್ಟ್ ಕ್ವೆರಿ, ಎಸ್‌ಡಬ್ಲ್ಯುಆರ್ ಬಗೆಯ ಈಚಿನ ಸಾಧನಗಳು ಉಳಿಸಿಟ್ಟ ಹಳೆಯ ಉತ್ತರವನ್ನು ಥಟ್ಟನೆ ತೋರಿಸಿ, ಹಿನ್ನೆಲೆಯಲ್ಲಿ ಹೊಸದನ್ನು ತರುತ್ತವೆ. ಕ್ರಿಕೆಟ್ ಸ್ಕೋರಿಗೆ ಇದು ಒಪ್ಪುತ್ತದೆ. ಜಮೀನು ಮಾರಾಟವಾಗಿ ಹಕ್ಕು ಬದಲಾಗಿರುವ ಹೊಲದ ಉತಾರದಲ್ಲಿ ಮಾತ್ರ ಹಳೆಯ ಮಾಲೀಕನ ಹೆಸರು ಎರಡು ಸೆಕೆಂಡ್ ನಿಂತರೂ ಯಾರಾದರೂ ಅದರ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ. ಅಂಥ ಕಡೆ ಹಳೆಯದನ್ನು ತೋರಿಸಲೇಬೇಕಾದರೆ, ಅದು ಯಾವ ದಿನ, ಯಾವ ಹೊತ್ತಿನದು ಎಂದು ಹೆಸರಿನ ಪಕ್ಕದಲ್ಲೇ ಬರೆದಿರಬೇಕು.